ಸೇತುವೆ ದಾಟಿದ ಕಾಯಿ

ಕಳೆದ ವಾರ ಶಾಸನಗಳ ಮೇಲೆ ಸಂಶೋಧನೆ ಮಾಡುತ್ತಿರುವ ಯುವತಿಯೊಬ್ಬರು ಅಕ್ಕಿಹೆಬ್ಬಾಳಿನ ನಮ್ಮ ಮನೆಗೆ ಬಂದಿದ್ದರು. ಕಪಾಟಿನಲ್ಲಿ ಶಾಸನ ಸಂಪುಟಗಳ ಪಕ್ಕದಲ್ಲಿ ಕುಳಿತಿದ್ದ ಉಂಡೆಯೊಂದು ಅವರ ಕಣ್ಣಿಗೆ ಬಿತ್ತು. ಮೈಗೆಲ್ಲ ತೆಂಗಿನ ನಾರಿನ ಹಗ್ಗ ಸುತ್ತಿಕೊಂಡು, ಕಪ್ಪುಗಟ್ಟಿ, ಅಲ್ಲಲ್ಲಿ ಗುಳಿಬಿದ್ದಿದ್ದ ಅದನ್ನು ಅವರು ಎರಡೂ ಕೈಗಳಿಂದ ಬಹಳ ಗೌರವದಿಂದ ಎತ್ತಿಕೊಂಡು, "ಸರ್, ಇದು ಯಾವ ಕಾಲದ್ದು?" ಎಂದು ಕೇಳಿದರು.

ಈ ಪ್ರಶ್ನೆಗೆ ನಾನು ಜೀವಮಾನದಲ್ಲಿ ಒಮ್ಮೆಯೂ ಥಟ್ಟನೆ ಉತ್ತರ ಕೊಟ್ಟವನಲ್ಲ. ಕಣ್ಣು ಮುಚ್ಚಿ ಆಧಾರಗಳನ್ನು ಜೋಡಿಸತೊಡಗಿದೆ. ಅದನ್ನು ಮೊದಲು ಬಳಸಿದಾಗ ಹಿತ್ತಿಲಾಚೆಯ ನಾಲೆಯಲ್ಲಿ ನೀರಿರಲಿಲ್ಲ. ನಾಲೆ ಒಣಗುವುದು ಬೇಸಗೆಯಲ್ಲಿ. ಆಗ ನನ್ನ ಪುಸ್ತಕಗಳ ಪೆಟ್ಟಿಗೆಗಳನ್ನು ಇನ್ನೂ ಬಿಚ್ಚಿರಲಿಲ್ಲ. ಆದ್ದರಿಂದ ಅದು ನಾನು ನಿವೃತ್ತನಾಗಿ ಊರಿಗೆ ಬಂದ ಮೊದಲ ಬೇಸಗೆಯೇ ಇರಬೇಕು. ನಾನು ಇಷ್ಟನ್ನು ಹೇಳಿ ಮುಗಿಸುವುದರೊಳಗೆ ನನ್ನ ಹೆಂಡತಿ ಸರೋಜ ಕಾಫಿ ತಂದಿಟ್ಟು, "ಇವರು ಕನ್ನಡಕ ಬದಲಾಯ್ಸಿದ ವರ್ಷದ್ದಮ್ಮ ಅದು. ನಾಯಿ ಕಚ್ಚೋ ಕಾಯಿ," ಎಂದಳು. ಆ ಯುವತಿ ಅದನ್ನು ಸದ್ದಿಲ್ಲದೆ ಸ್ವಸ್ಥಾನಕ್ಕೆ ಸೇರಿಸಿ ಕೈ ಒರೆಸಿಕೊಂಡರು. ಎರಡು ವಿಧಾನಗಳಿಂದಲೂ ಒಂದೇ ವರ್ಷ ಬಂತೆಂಬ ಸಂತೋಷ ನನಗೆ ಮಾತ್ರ ಉಳಿಯಿತು.

ಆ ನಾಯಿಯ ಕಥೆಯನ್ನು ಅವರಿಗೆ ಹೇಳುವ ಅವಕಾಶ ಸಿಗಲಿಲ್ಲ. ಅವರಿಗೆ ಕೃಷ್ಣರಾಜಪೇಟೆಯ ಬಸ್ಸು ಹಿಡಿಯುವ ಆತುರವಿತ್ತು. ನಿಮಗೆ ಬಸ್ಸಿನ ಆತುರವಿಲ್ಲವೆಂದು ಭಾವಿಸಿ ಹೇಳುತ್ತೇನೆ.

ಶ್ರೀರಂಗಪಟ್ಟಣದಲ್ಲಿ ನನ್ನ ಹಳೆಯ ಸಹೋದ್ಯೋಗಿಯೊಬ್ಬರಿದ್ದರು. ಅವರ ಮನೆಯ ತಾರಸಿಯಿಂದ ಕರಿಘಟ್ಟದ ಗುಡಿ ಕಾಣುತ್ತಿತ್ತು. ಆ ತಾರಸಿಯಲ್ಲಿ ಕುಳಿತು ನಾವು ಶಾಸನದ ಒಂದೊಂದು ಅಕ್ಷರಕ್ಕೂ ಕಾದಾಡಿ, ಕೊನೆಗೆ ಕಡಲೆಕಾಯಿ ಮುಗಿದುದರಿಂದ ಸಂಧಿ ಮಾಡಿಕೊಂಡು ಎದ್ದ ಸಂಜೆಗಳು ಹಲವು. ಅವರು ಮೈಸೂರಿನ ಬಹುಮಹಡಿ ಕಟ್ಟಡವೊಂದಕ್ಕೆ ಮನೆ ಬದಲಾಯಿಸುವಾಗ ಪುಸ್ತಕಗಳನ್ನು ಕಾಲೇಜಿಗೂ ಹೂಕುಂಡಗಳನ್ನು ನೆರೆಯವರಿಗೂ ಕೊಟ್ಟು, ನಾಯಿಯನ್ನು ನನಗೆ ಉಳಿಸಿದ್ದರು. ಎಳೆಯ ಹೆಣ್ಣುನಾಯಿ, ಹುರಿದ ಗೋಧಿಯ ಬಣ್ಣ, ಜೋಲುಗಿವಿ. "ಇದರ ಕುಲವೇ ಬೇಟೆಯ ಕುಲ," ಎಂದರು ಅವರು. "ಗುಂಡೇಟಿಗೆ ನೀರಿಗೆ ಬಿದ್ದ ಹಕ್ಕಿಯನ್ನು ಗರಿ ಕೊಂಕದ ಹಾಗೆ ಬಾಯಲ್ಲಿ ಹಿಡಿದು ತಂದು ಒಡೆಯನ ಕೈಗಿಡುವ ಜಾತಿ."

ವಂಶಾವಳಿ ಎಂದರೆ ನನಗೆ ದೌರ್ಬಲ್ಯ. ಆಧಾರವೇನೆಂದು ಕೇಳಿದೆ. ತಾಯಿಯ ವಿಷಯದಲ್ಲಿ ಅವರಿಗೆ ಖಚಿತವಾದ ತಿಳಿವಳಿಕೆಯಿತ್ತು. ತಂದೆಯ ವಿಷಯದಲ್ಲಿ ಬಲವಾದ ಊಹೆ ಮಾತ್ರವಿತ್ತು. ಎಷ್ಟೋ ರಾಜವಂಶಗಳನ್ನು ನಾವು ಇದಕ್ಕಿಂತ ತೆಳುವಾದ ಆಧಾರದ ಮೇಲೆ ಒಪ್ಪಿಕೊಂಡಿದ್ದೇವಲ್ಲ ಎಂದು ಸಮಾಧಾನ ತಂದುಕೊಂಡು ನಾಯಿಯನ್ನು ಲಗೇಜ್ ಆಟೋಗೆ ಹತ್ತಿಸಿದೆ.

ಪಾಂಡವಪುರದಲ್ಲಿ ಚಹಾಕ್ಕೆಂದು ನಿಲ್ಲಿಸಿದಾಗ ಅದು ಆಟೋದಿಂದ ನೆಗೆದು, ಮುಂದೆ ಸಾಗುತ್ತಿದ್ದ ಟ್ರ್ಯಾಕ್ಟರಿನಿಂದ ಜಾರಿಬಿದ್ದ ಕಬ್ಬಿನ ಜಲ್ಲೆಯೊಂದನ್ನು ಅಡ್ಡಲಾಗಿ ಕಚ್ಚಿಕೊಂಡು, ಚಹಾದಂಗಡಿಯ ಬೆಂಚಿನ ಮೇಲಿದ್ದ ಇಬ್ಬರ ಮೊಣಕಾಲಿಗೆ ಬಡಿದು, ನೇರವಾಗಿ ನನ್ನ ಬಳಿಗೆ ತಂದಿತು. ಪೆಟ್ಟು ತಿಂದವರಲ್ಲಿ ಒಬ್ಬ, "ಯಾರ್ದಲಾ ಈ ನಾಯಿ, ಕಬ್ಬು ಕಡಿಯೋ ಕೂಲಿಗೆ ಬಂದದಾ?" ಎಂದ. ನನಗೆ ಮಾತ್ರ ಅದರ ತಂದೆಯ ಕುಲದ ಬಗೆಗಿದ್ದ ಸಂಶಯ ಅಲ್ಲಿಯೇ ಪರಿಹಾರವಾಯಿತು.

ನಮ್ಮಲ್ಲಿ ಬೇಟೆ ೧೯೭೨ರ ಕಾನೂನಿನಿಂದಲೇ ನಿಷಿದ್ಧ. ಇದು ಸರಿಯಾದ ಇಸವಿ, ನೋಡಿಯೇ ಬರೆದಿದ್ದೇನೆ. ಬೇಟೆಯಿಲ್ಲದ ಕಾಲದ ಬೇಟೆನಾಯಿಗೂ ನಿವೃತ್ತ ಸಂಶೋಧಕನಿಗೂ ಹೋಲಿಕೆಯಿದೆ. ಇಬ್ಬರಲ್ಲೂ ಕುಲವಿದ್ಯೆ ತುಂಬಿಕೊಂಡಿರುತ್ತದೆ, ಅದನ್ನು ಕೇಳುವವರಿರುವುದಿಲ್ಲ. ಆದುದರಿಂದಲೋ ಏನೋ, ಆಟೋ ಕೃಷ್ಣರಾಜಪೇಟೆ ದಾಟುವುದರೊಳಗೆ ನಾವಿಬ್ಬರೂ ಒಬ್ಬರಿಗೊಬ್ಬರು ಒರಗಿ ತೂಕಡಿಸುವಷ್ಟು ಆತ್ಮೀಯರಾಗಿದ್ದೆವು.

ಹೆಸರಿಡುವ ವಿಷಯದಲ್ಲಿ ಮನೆಯಲ್ಲಿ ಚರ್ಚೆಯಾಯಿತು. ನಮ್ಮ ಜಿಲ್ಲೆಯ ಆತಕೂರಿನಲ್ಲಿ ಹತ್ತನೆಯ ಶತಮಾನದ ವೀರಗಲ್ಲೊಂದು ದೊರೆತಿರುವುದು ನಿಮಗೆ ಗೊತ್ತಿರಬಹುದು. ಯುದ್ಧದಲ್ಲಿ ಮೆರೆದ ವೀರನೊಬ್ಬನಿಗೆ ಅರಸು ಮೆಚ್ಚಿ ಬೇಕಾದುದನ್ನು ಕೇಳೆಂದಾಗ, ಆತ ಹೊನ್ನನ್ನಾಗಲಿ ಹೆಣ್ಣನ್ನಾಗಲಿ ಕೇಳದೆ ಕಾಳಿ ಎಂಬ ನಾಯಿಯನ್ನು ಕೇಳಿ ಪಡೆದ. ಆ ನಾಯಿ ಮುಂದೆ ಹಂದಿಯೊಂದಿಗೆ ಹೋರಾಡಿ ಅದನ್ನೂ ಕೊಂದು ತಾನೂ ಸತ್ತಿತು; ಅದರ ನೆನಪಿಗೆ ಕಲ್ಲು ನಿಲ್ಲಿಸಿದರು. ನಾನು ಇದನ್ನೆಲ್ಲ ಆವೇಶದಿಂದಲೇ ಸರೋಜಳಿಗೆ ವಿವರಿಸಿ, ನಮ್ಮ ನಾಯಿಗೂ ಕಾಳಿ ಎಂದೇ ಹೆಸರಿಡೋಣವೆಂದೆ.

ಅವಳು ನಾಯಿಯ ಗೋಧಿ ಬಣ್ಣವನ್ನು ಒಮ್ಮೆ ನೋಡಿದಳು, ನನ್ನನ್ನು ಒಮ್ಮೆ ನೋಡಿದಳು. "ಅರಸು ಏನ್ ಬೇಕು ಅಂದ್ರೆ ನಾಯಿ ಬೇಕು ಅಂದ್ನಲ್ಲ ಆ ಮಹಾರಾಯ, ಅವನ ಹೆಂಡ್ತಿ ಏನಂದ್ಲು ಅಂತ ಕಲ್ಲಲ್ಲಿ ಬರ್ದಿದ್ಯಾ?"

ಬರೆದಿಲ್ಲ. ಶಾಸನಗಳ ಕೊರತೆಗಳಲ್ಲಿ ಇದೂ ಒಂದು.

ಕಾಳಿಗೆ ಒಂದು ಉದ್ಯೋಗ ಬೇಕಾಗಿತ್ತು. ಅದು ನಮ್ಮ ಹಿತ್ತಿಲಿನ ಆಚೆಯೇ ಇತ್ತು ಎಂಬುದನ್ನು ಹೇಳಬೇಕಾದರೆ ನಾಲೆಯ ವಿಚಾರವನ್ನು ಹೇಳಬೇಕು. ಹೇಮಾವತಿಯ ಕಟ್ಟೆಯಿಂದ ಬರುವ ನಾಲೆ ನಮ್ಮ ಹಿತ್ತಿಲನ್ನು ಸವರಿಕೊಂಡು ಹರಿಯುತ್ತದೆ. ಏರಿಯ ಮೇಲೆ ನಮ್ಮ ತೆಂಗಿನಮರಗಳು ಸಾಲಾಗಿವೆ. ನೆಟ್ಟವರು ನೇರವಾಗಿಯೇ ನೆಟ್ಟಿದ್ದರಂತೆ. ಮರಗಳು ಮಾತ್ರ ನೀರನ್ನು ಇಣುಕಿ ನೋಡುವ ಕುತೂಹಲದಿಂದ ನಾಲೆಯ ಕಡೆಗೇ ಬಾಗಿ ಬೆಳೆದುಬಿಟ್ಟವು. ಕಾಯಿ ಕೀಳಿಸಿದಾಗ ಅರ್ಧದಷ್ಟು ನೆಲಕ್ಕೆ ಬಿದ್ದರೆ ಅರ್ಧದಷ್ಟು ನೀರಿಗೆ ಬೀಳುತ್ತವೆ. ಬಿದ್ದವು ತೇಲುತ್ತ, ತಿರುಗುತ್ತ, ಮದುವೆಗೆ ಹೊರಟವರಂತೆ ಗುಂಪಾಗಿ ಕೆಳಕ್ಕೆ ಹೋಗುತ್ತವೆ.

ಸ್ವಲ್ಪ ಕೆಳಗೆ ಒಂದು ಕಿರುಸೇತುವೆಯಿದೆ. ಸೇತುವೆಯ ಈಚೆಗೆ ಕಾಯಿಯನ್ನು ಹಿಡಿದರೆ ಅದು ಮರದವರದು. ಸೇತುವೆ ದಾಟಿದರೆ ಆಚೆಯವರದು. ಮರದವರು ಆಚೆಗೆ ಹೋಗಿ ಹಿಡಿಯುವಂತಿಲ್ಲ, ಆಚೆಯವರು ಈಚೆಗೆ ಬಂದು ಹಿಡಿಯುವಂತಿಲ್ಲ. ಈ ಪದ್ಧತಿ ಯಾವಾಗ ಆರಂಭವಾಯಿತು ಎಂದು ವಿಚಾರಿಸಿದ್ದೇನೆ. ದಾಯಾದಿಗಳ ಜಗಳದಲ್ಲಿ ಹುಟ್ಟಿತೆಂದು ಒಬ್ಬರು, ನಾಲೆಯ ನೀರು ಹಂಚುವ ನೀರುಗಂಟಿಯೊಬ್ಬ ತೀರ್ಪು ಕೊಟ್ಟದ್ದೆಂದು ಇನ್ನೊಬ್ಬರು ಹೇಳುತ್ತಾರೆ. ಸೇತುವೆಗಿಂತ ಪದ್ಧತಿ ಹಳೆಯದೋ, ಪದ್ಧತಿಗಿಂತ ಸೇತುವೆ ಹಳೆಯದೋ ತಿಳಿಯದು. ಸೇತುವೆ ಕಟ್ಟಿದ ಇಸವಿಯನ್ನು ಕೊರೆದ ಕಲ್ಲೊಂದು ಅದರ ಗೋಡೆಯಲ್ಲಿಯೇ ಇದೆ. ಆದರೆ ಯಾರೋ ಪುಣ್ಯಾತ್ಮರು ಅದರ ಮೇಲೆ ಅಚ್ಚುಕಟ್ಟಾಗಿ ಸಿಮೆಂಟು ಬಳಿದಿದ್ದಾರೆ. ದಿನವೂ ಅದರ ಮುಂದೆ ಹಾದುಹೋಗುವ ಶಾಸನದ ವಿದ್ಯಾರ್ಥಿಯೊಬ್ಬನಿಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಬೇಕಿಲ್ಲ.

ನಾನು ಚಿಕ್ಕವನಿದ್ದಾಗ ಏರಿ ಮಣ್ಣಿನದು. ಕಾಯಿ ಕೀಳುವ ದಿನ ನಮ್ಮಜ್ಜಿ ಸೆರಗನ್ನು ತಲೆಗೆ ಸುತ್ತಿಕೊಂಡು ದಂಡನಾಯಕಿಯಂತೆ ಏರಿಯ ಮೇಲೆ ನಿಲ್ಲುತ್ತಿದ್ದಳು. ಮನೆಯ ಮಕ್ಕಳೆಲ್ಲ ಎದೆಯುದ್ದ ನೀರಿನಲ್ಲಿ ಸಾಲುಗಟ್ಟಿ ನಿಂತು ಬಂದ ಕಾಯನ್ನು ತಬ್ಬಿ ಹಿಡಿದು ದಡಕ್ಕೆಸೆಯಬೇಕು. ಕಾಯಿಯ ತೊಟ್ಟು ತಾಗಿ ಎದೆಯೆಲ್ಲ ಗೀರುಗಳಾಗುತ್ತಿದ್ದವು. ಸಂಜೆ ಅಜ್ಜಿ ಕೊಬ್ಬರಿ ಎಣ್ಣೆ ಸವರುವಾಗ ಯಾರ ಎದೆಯಲ್ಲಿ ಗೀರು ಹೆಚ್ಚೆಂದು ನಮ್ಮೊಳಗೆ ಸ್ಪರ್ಧೆ. ಒಂದು ಕಾಯಿ ತಪ್ಪಿ ಸೇತುವೆಯ ನೆರಳಿಗೆ ಸೇರಿದರೂ ಅಜ್ಜಿ ಅದರ ಕಡೆಗೆ ಕೈಮುಗಿದು, "ಓಗು ತಾಯಿ, ಆ ಮನೇಲಾದ್ರೂ ಸುಖವಾಗಿರು," ಎನ್ನುತ್ತಿದ್ದಳು. ಮಗಳನ್ನು ಕಳಿಸಿಕೊಟ್ಟಷ್ಟು ದುಃಖ ಆ ದನಿಯಲ್ಲಿ ಇರುತ್ತಿತ್ತು.

ಈಗ ನಾಲೆಯ ಬದಿಗಳಿಗೆ ಕಾಂಕ್ರೀಟು ಹಾಕಿದ್ದಾರೆ. ಇಳಿದರೆ ಹತ್ತಲು ಬಾರದು. ನಮ್ಮ ವಯಸ್ಸಿಗೆ ಇಳಿಯಲೂ ಬಾರದು. ಹೀಗಾಗಿ ನೀರಿಗೆ ಬಿದ್ದುದೆಲ್ಲ ಸೇತುವೆ ದಾಟಿ ಜಯಮ್ಮನವರ ಪಾಲಾಗುತ್ತಿತ್ತು. ಸೇತುವೆಯ ಆಚೆಗೆ, ಎದುರು ದಡದಲ್ಲಿ ಮೊದಲ ಮನೆ ಅವರದು. ಅಲ್ಲಿ ಬಟ್ಟೆ ಒಗೆಯಲು ಹಳೆಯ ಕಲ್ಲಿನ ಮೆಟ್ಟಿಲುಗಳಿವೆ. ಬಿದಿರಿನ ಗಳುವಿನ ತುದಿಗೆ ಮಂಕರಿ ಬುಟ್ಟಿ ಕಟ್ಟಿಕೊಂಡು ಆ ಮೆಟ್ಟಿಲ ಮೇಲೆ ನಿಂತು, ತೇಲಿಬಂದ ಕಾಯಿಗಳನ್ನು ಅವರು ಸಾವಧಾನವಾಗಿ ಮೊಗೆದುಕೊಳ್ಳುತ್ತಿದ್ದರು. ಮೊಗೆಯುವಾಗ ಮೌನವಾಗಿರುವುದು ಅವರ ಜಾಯಮಾನವಲ್ಲ. "ಮೇಷ್ಟ್ರೇ, ಈ ಸಲ ಕಾಯಿ ವಸಿ ಸಣ್ಣ. ಮರಕ್ಕೆ ಗೊಬ್ಬರ ಆಕ್ಸಿ," ಎಂದು ನಾಲೆಯುದ್ದಕ್ಕೂ ಕೇಳುವಂತೆ ಕೂಗುತ್ತಿದ್ದರು. ನಾನು ಎಲ್ಲಿಯೂ ಪಾಠ ಹೇಳಿದವನಲ್ಲ. ಓದುವವರೆಲ್ಲ ಅವರಿಗೆ ಮೇಷ್ಟ್ರೇ.

ನೀರಿಗೆ ಬಿದ್ದ ಹಕ್ಕಿಯನ್ನು ತರುವ ಕುಲಕ್ಕೆ ನೀರಿಗೆ ಬಿದ್ದ ಕಾಯಿ ತರುವುದು ಎಷ್ಟರ ಮಾತು ಎಂದು ನನಗೆ ತೋರಿದ್ದು ಹೀಗೆ.

ನಾಯಿ ಪಳಗಿಸುವ ಪುಸ್ತಕಗಳನ್ನು ತರಿಸಿಕೊಂಡು ಅಡಿಟಿಪ್ಪಣಿ ಸಮೇತ ಓದಿದೆ. ಚಿಕ್ಕದೊಂದು ಒಣಗಾಯಿಗೆ ಹಗ್ಗ ಸುತ್ತಿ ಹಿಡಿತ ಮಾಡಿಕೊಟ್ಟೆ. ಆಗ ಬೇಸಗೆ, ಒಣಗಿದ ನಾಲೆಯೇ ನಮ್ಮ ಪಾಠಶಾಲೆ. ನಾನು ಕಾಯನ್ನು ಎಸೆದು, "ಕಾಳಿ, ಅದನ್ನು ತೆಗೆದುಕೊಂಡು ಬಾ," ಎನ್ನುತ್ತಿದ್ದೆ. ಕಾಳಿ ನನ್ನ ಮುಖವನ್ನೇ ನೋಡುತ್ತ ವಾಕ್ಯದ ಮುಂದಿನ ಭಾಗಕ್ಕಾಗಿ ಕಾಯುತ್ತಿತ್ತು.

ಏರಿಯ ಮೇಲೆ ಕುಳಿತು ನೋಡುತ್ತಿದ್ದವನು ನನ್ನ ಚಿಕ್ಕಪ್ಪನ ಮಗ ಬೋರೇಗೌಡ. ಪಕ್ಕದ ಮನೆಯವನು, ಹಸು ಸಾಕಿದ್ದಾನೆ, ಡೇರಿಗೆ ಹಾಲು ಹಾಕಿ ಬಂದ ಮೇಲೆ ನನ್ನನ್ನು ನೋಡುವುದು ಅವನ ದಿನಚರಿ.

"ಅಣ್ಣ, ನೀನು ಅಷ್ಟುದ್ದ ಯೋಳಿ ಮುಗ್ಸೋ ಒತ್ಗೆ ಕಾಯಿ ಜಯಕ್ಕನ ಮನೇಲಿ ಚಟ್ನಿ ಆಗಿರ್ತದೆ ಕಣಣ್ಣ. 'ತಾ' ಅನ್ನು. ಸಾಕು."

"ಸ್ಪಷ್ಟತೆ ಇರಬೇಕಲ್ಲವೇನೋ."

"ನಾಯ್ಗೆ ಯಾಕಣ್ಣ ಸ್ಪಷ್ಟ. ನಮ್ಮ ಅಸ ನಾನು 'ಹೂಂ' ಅಂದ್ರೆ ಆಲು ಕೊಡ್ತದೆ."

'ತಾ' ಎಂದೆ. ಕಾಳಿ ಓಡಿತು, ಕಾಯನ್ನು ಕಚ್ಚಿಕೊಂಡು ಇಳಿಜಾರಿನ ಕಾಂಕ್ರೀಟನ್ನು ದಡದಡನೆ ಹತ್ತಿ ಬಂತು, ಬಂದು, ಕೊಡದೆ ಕುಳಿತಿತು. ಎಳೆದರೆ ಆಟವೆಂದುಕೊಂಡು ತಾನೂ ಎಳೆಯಿತು. ಬೋರೇಗೌಡನಿಗೆ ಅಂದು ಬಹಳ ಖುಷಿಯಾಯಿತು. ತರುವುದು ಹುಟ್ಟುಗುಣ, ಕೊಡುವುದು ಕಲಿತ ಗುಣ ಎಂದು ಪುಸ್ತಕ ಹೇಳಿತ್ತು. ಮನುಷ್ಯರ ವಿಷಯವೂ ಅಷ್ಟೇ ಎಂದುಕೊಂಡು, ಕೈಯನ್ನು ಬೊಗಸೆಯಾಗಿ ಮುಂದೆ ಚಾಚಿ, ಕಾಳಿ ತಾನಾಗಿಯೇ ಬಾಯಿ ಸಡಿಲಿಸುವವರೆಗೆ ಕಾಯುವುದನ್ನು ರೂಢಿಸಿಕೊಂಡೆ. ಬಿಟ್ಟ ಕೂಡಲೇ ಬೆಲ್ಲದ ಚೂರು. ಚಾಚಿದ ಕೈ ಕಂಡರೆ ಕುಳಿತುಕೊಂಡು ಅದರಲ್ಲಿ ಕಾಯಿ ಇಡಬೇಕೆಂಬುದು ಬೇಸಗೆ ಮುಗಿಯುವುದರೊಳಗೆ ಅದರ ಮೈಗೆ ಹತ್ತಿತು. ನನ್ನ ಮೊದಲ ವಿದ್ಯಾರ್ಥಿಯೇ ಇಷ್ಟು ನಿರ್ದುಷ್ಟವಾದುದು ನನ್ನ ಪುಣ್ಯ.

ತೊಂದರೆಯೆಂದರೆ ಕಾಳಿ ತನ್ನ ವಿದ್ಯೆಯನ್ನು ಕಾಯಿಗಷ್ಟೇ ಸೀಮಿತಗೊಳಿಸಲಿಲ್ಲ. ಬೀದಿಯ ಜಗಲಿಗಳಿಂದ ಚಪ್ಪಲಿಗಳು ಬರತೊಡಗಿದವು, ಜೋಡಿಯಾಗಿ ಅಲ್ಲ, ಒಂದೊಂದಾಗಿ. ಬೇಲಿಯ ಮೇಲೆ ಒಣಹಾಕಿದ ಪಂಚೆಗಳು ಬಂದವು. ಯಾರದೋ ಮನೆಯ ಇಡ್ಲಿ ತಟ್ಟೆ ಬಂತು. ಒಂದು ಬೆಳಿಗ್ಗೆ ಬೋರೇಗೌಡನ ಹೇಂಟೆಯನ್ನೇ ಬಾಯಲ್ಲಿ ಹಿಡಿದು ತಂದು ನನ್ನ ಬೊಗಸೆಯಲ್ಲಿಟ್ಟಿತು. ಹೇಂಟೆಗೆ ಒಂದು ಗರಿಯೂ ಕೊಂಕಿರಲಿಲ್ಲ. ಅದು ಮೈ ಕೊಡವಿಕೊಂಡು, ನನ್ನನ್ನು ತಿರಸ್ಕಾರದಿಂದ ನೋಡಿ, ನಡೆದೇ ಮನೆಗೆ ಹೋಯಿತು. ಕುಲದ ಬಗ್ಗೆ ಇದಕ್ಕಿಂತ ದೊಡ್ಡ ಪ್ರಮಾಣವಿಲ್ಲವೆಂದು ನಾನು ಪುಳಕಿತನಾಗಿದ್ದಾಗ ಸರೋಜ ಬಾಗಿಲಲ್ಲಿ ನಿಂತಿದ್ದಳು. ತಂದ ವಸ್ತುಗಳನ್ನೆಲ್ಲ ಸೆರಗಿನಲ್ಲಿ ಮುಚ್ಚಿಕೊಂಡು ಮನೆಮನೆಗೂ ಹೋಗಿ ಒಪ್ಪಿಸಿ ಬರುತ್ತಿದ್ದವಳು ಅವಳು.

"ಬೇಡದ್ದೆಲ್ಲ ತರತ್ತೆ. ಬೇಕಾದ್ದು ತರತ್ತೋ ಇಲ್ವೋ ಇನ್ನೂ ಗೊತ್ತಿಲ್ಲ," ಎಂದಳು. "ನಾಗಮಂಗಲದ ಹತ್ರ ಕೋಳಿ ಫಾರಂನವರು ಕಾವಲಿಗೆ ನಾಯಿ ಕೇಳ್ತಿದಾರಂತೆ. ಹಗಲೂ ರಾತ್ರಿ ಕಟ್ಟೇ ಹಾಕ್ತಾರಂತೆ, ಎಲ್ಲೂ ಹೋಗಲ್ಲ. ನೋಡಿ, ನಾನು ಅನ್ಯಾಯದ ಮಾತಾಡಲ್ಲ. ಈ ಸಲ ಕಾಯಿ ಕೀಳಿಸೋ ದಿನ ನೀರಿಗೆ ಬಿದ್ದ ಕಾಯಲ್ಲಿ ಒಂದೇ ಒಂದು ತಂದು ಇದು ನಿಮ್ಮ ಕೈಗೆ ಕೊಟ್ರೆ ಇಲ್ಲೇ ಇರಲಿ. ಯಾರ ಚಪ್ಪಲಿ ಬೇಕಾದ್ರೂ ವಾಪಸ್ ಕೊಟ್ಟು ಬರ್ತೀನಿ. ಕೊಡದಿದ್ರೆ ನಾಗಮಂಗಲ."

ಒಪ್ಪಿಕೊಂಡೆ. ಆದರೆ ಬಾಯಲ್ಲಿ ಹಿಡಿದ ಹೇಂಟೆಗೂ ನೋವಾಗದಂತೆ ನಡೆಯುವ ಪ್ರಾಣಿ ಸರಪಳಿಯಲ್ಲಿ ಕುಳಿತು, ಬಲೆಯಾಚೆಯ ಅಷ್ಟು ಕೋಳಿಗಳನ್ನು ಸುಮ್ಮನೆ ನೋಡುತ್ತಿರಬೇಕಾದ ಚಿತ್ರ ಕಣ್ಣಿಗೆ ಕಟ್ಟುತ್ತಿತ್ತು.

ನಾಲೆಗೆ ನೀರು ಬಿಟ್ಟರು. ಹರಿಯುವ ನೀರಿನಲ್ಲಿ ಅಭ್ಯಾಸ ಮಾಡಿಸುವಾಗ ನಾಯಿಯ ಕೊರಳಪಟ್ಟಿಗೆ ಉದ್ದನೆಯ ಹಗ್ಗ ಕಟ್ಟಿರಬೇಕೆಂದು ಪುಸ್ತಕದ ಕಟ್ಟಪ್ಪಣೆಯಿತ್ತು. ಕಟ್ಟಿದೆ. ಕಾಳಿ ಧುಮುಕಿ ಈಜಿ ಕಾಯನ್ನು ಕಚ್ಚುತ್ತಿತ್ತು. ನಾನೂ ಬೋರೇಗೌಡನೂ ಸೇರಿ ಬಾವಿಯಿಂದ ಕೊಡ ಸೇದಿದಂತೆ ಅದನ್ನು ದಡಕ್ಕೆ ಸೇದಿಕೊಳ್ಳುತ್ತಿದ್ದೆವು. ಬಂದ ಕೂಡಲೇ ಬೊಗಸೆಗೆ ಕಾಯಿ, ಬಾಯಿಗೆ ಬೆಲ್ಲ. ಒಮ್ಮೆಯೂ ತಪ್ಪಲಿಲ್ಲ. ಪಾಚಿಗಟ್ಟಿದ ಕಾಂಕ್ರೀಟಿನ ಮೇಲೆ ಹಗ್ಗವಿಲ್ಲದೆ ಅದು ಹೇಗೆ ಹತ್ತೀತು ಎಂಬ ಪ್ರಶ್ನೆ ಪುಸ್ತಕದಲ್ಲಿರಲಿಲ್ಲ. ಆದುದರಿಂದ ನನ್ನಲ್ಲಿಯೂ ಹುಟ್ಟಲಿಲ್ಲ. ಪುಸ್ತಕ ಬರೆದ ಮಹಾಶಯರ ದೇಶದಲ್ಲಿ ಕೊಳಗಳಿಗೆ ಹುಲ್ಲಿನ ದಡಗಳಿರುತ್ತವೆ.

ಕಾಯಿ ಕೀಳಿಸುವ ದಿನ ಬಂತು. ಅದು ಶ್ರಾವಣದ ಒಂದು ಬೆಳಿಗ್ಗೆ ಎಂದು ನನ್ನ ವಾದ. ಭಾದ್ರಪದವೆಂದು, ಗೌರಿಹಬ್ಬಕ್ಕೆ ಕಾಯಿ ಬೇಕೆಂದೇ ಕೀಳಿಸಿದ್ದೆಂದು ಸರೋಜಳ ವಾದ. ಹಬ್ಬಕ್ಕೆ ಕಾಯಿ ಬೇಕಾದವರು ಹಬ್ಬದ ಮೊದಲು ಕೀಳಿಸುತ್ತಾರಾದ್ದರಿಂದ ಎರಡೂ ಸರಿಯಿರಬಹುದು. ಮರ ಹತ್ತಲು ಸಿದ್ದರಾಜು ಬಂದ. ಸರೋಜ ನ್ಯಾಯಾಧೀಶೆಯಂತೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಏರಿಯ ಮೇಲೆ ಕುಳಿತಳು. ಸೇತುವೆಯ ಆಚೆ ತಮ್ಮ ಮೆಟ್ಟಿಲ ಮೇಲೆ ಜಯಮ್ಮನವರು ಗಳುವಿನೊಂದಿಗೆ ಸಿದ್ಧರಾಗಿದ್ದರು. ಗೊನೆ ಬೀಳುವಾಗ ಸಿಕ್ಕಿಹಾಕಿಕೊಂಡೀತೆಂದು ಕಾಳಿಯ ಹಗ್ಗವನ್ನು ಬಿಚ್ಚಿದೆ.

ಸಿದ್ದರಾಜು ಮೊದಲ ಕಾಯನ್ನು ತಿರುಚಿ ಬಿಟ್ಟ. ಅದು ದುಡುಂ ಎಂದು ನೀರಿಗೆ ಬಿತ್ತು. "ತಾ," ಎಂದೆ.

ಕಾಳಿ ನೆಗೆದದ್ದನ್ನು ನೀವು ನೋಡಬೇಕಾಗಿತ್ತು. ನಾಲ್ಕೂ ಕಾಲುಗಳನ್ನು ಚಾಚಿ, ಕಿವಿಗಳನ್ನು ರೆಕ್ಕೆಯಂತೆ ಬಿಚ್ಚಿ ನೀರಿಗೆ ಬಿದ್ದು, ಕಾಯಿಯ ತೊಟ್ಟನ್ನು ಕಚ್ಚಿ ನಮ್ಮ ದಡಕ್ಕೆ ತಿರುಗಿತು. ಕಾಂಕ್ರೀಟಿನ ಮೇಲೆ ಮುಂಗಾಲೂರಿತು, ಜಾರಿತು. ಮತ್ತೆ ಊರಿತು, ಮತ್ತೆ ಜಾರಿತು. ಯಾರಾದರೂ ಸೇದುತ್ತಾರೆಂದು ಕ್ಷಣಕಾಲ ಕಾದಿರಬೇಕು. ಬಳಿಕ ಹರಿವಿನೊಂದಿಗೆ ಹೊರಟು, ಕಾಯಿ ಬಿಡದೆ ಸೇತುವೆಯ ಕೆಳಗೆ ನುಸುಳಿ ಮರೆಯಾಗಿ, ಆಚೆ ಮೆಟ್ಟಿಲು ಕಂಡಲ್ಲಿ ಹತ್ತಿತು. ಅಲ್ಲಿ ಜಯಮ್ಮನವರು ಹೊಸದೊಂದು ವಿಚಿತ್ರವನ್ನು ಕಂಡವರಂತೆ ಗಳುವನ್ನು ಕೆಳಗಿಟ್ಟು ಕೈ ಚಾಚಿದರು. ಕಾಳಿ ಕುಳಿತುಕೊಂಡಿತು. ನಾನು ಕಲಿಸಿದ್ದ ಸಕಲ ಮರ್ಯಾದೆಯೊಂದಿಗೆ ಕಾಯನ್ನು ಅವರ ಕೈಗಿಟ್ಟಿತು. ಬೆಲ್ಲ ಸಿಗುವುದೋ ಎಂದು ನೋಡಿ, ಇಲ್ಲವೆಂದು ತಿಳಿದು ಸೇತುವೆಯ ಮೇಲಿಂದ ಓಡಿ ನಮ್ಮ ಬಳಿಗೆ ಬಂದು ಬಾಲ ಅಲ್ಲಾಡಿಸಿತು.

"ಮೇಷ್ಟ್ರೇ," ಎಂದು ಆಚೆಯಿಂದ ದನಿ ಬಂತು. "ಎಷ್ಟ್ ಚೆಂದಾಗಿ ಕಲ್ಸಿದ್ದೀರಿ. ನಾನಿನ್ನು ಈ ಗಳ ಇಡಿಯೋದೇ ಬ್ಯಾಡ. ಸೊಂಟನೋವು ಅಂತಿದ್ದೆ, ದ್ಯಾವ್ರು ನಾಯಿ ಕೊಟ್ಟ."

ಎರಡನೆಯ ಕಾಯಿಗೂ ಹೀಗೆಯೇ ಆಯಿತು. ಮೂರನೆಯದಕ್ಕೂ ಆಯಿತು. ಬೋರೇಗೌಡ ಸೇತುವೆಯ ತನಕ ಓಡಿ ಅಲ್ಲಿಂದ ವಾದ ಹೂಡಿದ.

"ಜಯಕ್ಕ, ಇದು ಲೆಕ್ಕಕ್ಕಿಲ್ಲ. ತೇಲ್ಕಂಡ್ ಬಂದ ಕಾಯಿ ಬ್ಯಾರೆ, ನಮ್ಮ ನಾಯಿ ಬಾಯಲ್ಲಿರೋ ಕಾಯಿ ಬ್ಯಾರೆ. ಅದು ನಮ್ಮ ಕೈಲಿದ್ದಂಗೇ."

"ಸೇತ್ವೆ ದಾಟ್ತೋ ಇಲ್ವೋ?"

"ದಾಟ್ತು. ಆದ್ರೆ ನಾಯಿ ದಾಟ್ಸುದ್ದು."

"ನೀರು ದಾಟ್ಸುದ್ರೇನು ನಾಯಿ ದಾಟ್ಸುದ್ರೇನ್ಲಾ. ನಾನೇನ್ ಬಾ ಅಂತ ಕರುದ್ನಾ? ಅದಾಗೇ ಬಂದು ಅರಿಶಿನ ಕುಂಕುಮ ಕೊಡೋಳಂಗೆ ಕುಂತ್ಕಂಡು ಕೊಡ್ತದೆ. ಬ್ಯಾಡ ಅನ್ನಕಾಯ್ತದಾ?"

ನಾಯಿ ಮುಖಾಂತರ ಗಡಿ ದಾಟಿದ ಸ್ವತ್ತಿನ ಒಡೆತನದ ಬಗ್ಗೆ ಪದ್ಧತಿಯಲ್ಲಿ ಪೂರ್ವೋದಾಹರಣೆ ಏನಾದರೂ ಇದೆಯೇ ಎಂದು ನಾನು ಯೋಚಿಸುತ್ತ ನಿಂತೆ. ಸಿದ್ದರಾಜು ಮರದ ಮೇಲೆ ತೆಂಗಿನ ಗರಿ ಹಿಡಿದುಕೊಂಡೇ, "ಬೇಗ ತೀರ್ಮಾನ ಮಾಡ್ಕಳಿ, ಗೊದ್ದ ಇರ್ವೆ ಕಡೀತಾವೆ," ಎಂದ. ಸರೋಜ ಕುರ್ಚಿಯಿಂದ ಎದ್ದಳು. ಅವಳ ಮುಖದಲ್ಲಿ ಗೆಲುವಿರಲಿಲ್ಲ. ಅದನ್ನು ನಾನು ಆಗಲೇ ಗಮನಿಸಿದ್ದೆ.

"ಮಾತು ಅಂದ್ಮೇಲೆ ಮಾತು ಕಣ್ರೀ. ನಿಮ್ಮ ಕೈಗೆ ಕೊಡ್ಲಿಲ್ಲ," ಎಂದಳು. "ನಾಗಮಂಗಲದವರಿಗೆ ಹೇಳಿಬಿಡಿ."

ನಾನು ಕಾಳಿಯ ಒದ್ದೆ ತಲೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದೆ. ಅದು ಮುಂದಿನ ಕಾಯಿ ಯಾವಾಗ ಬೀಳುವುದೋ ಎಂದು ಮರವನ್ನೇ ನೋಡುತ್ತಿತ್ತು.

"ನಾಗಮಂಗ್ಲ ಯಾಕ್ ಬಂತು ನಡ್ವೆ?" ಎಂದು ಜಯಮ್ಮನವರು ಕೇಳಿದರು.

ಬೋರೇಗೌಡ ಸೇತುವೆಯ ಗೋಡೆಗೆ ಒರಗಿ ಎಲ್ಲವನ್ನೂ ಹೇಳಿದ. ಕೋಳಿ ಫಾರಂ ಹೇಳಿದ, ಸರಪಳಿ ಹೇಳಿದ. ಕಾಯಿ ಅಣ್ಣನ ಕೈಗೇ ಬರಬೇಕು, ಇಲ್ಲದಿದ್ದರೆ ನಾಯಿ ಹೊರಟಿತು ಎಂದ. ಜಯಮ್ಮನವರು ತಮ್ಮ ಮೆಟ್ಟಿಲ ಮೇಲಿದ್ದ ಮೂರು ಕಾಯಿಗಳನ್ನು ಒಮ್ಮೆ ನೋಡಿಕೊಂಡರು. ಬಳಿಕ ಮರದ ಕಡೆಗೆ ತಲೆಯೆತ್ತಿ, "ಬುಡ್ಲಾ ಇನ್ನೊಂದ. ಯಾಕ್ ಕುಂತಿದ್ದೀಯ," ಎಂದರು.

ಸಿದ್ದರಾಜು ಬಿಟ್ಟ. ನಾನು 'ತಾ' ಎನ್ನಲಿಲ್ಲ. ಕಾಳಿ ಅಪ್ಪಣೆಗೆ ಕಾಯದೆ ಧುಮುಕಿತು. ಕಾಯಿ ಕಚ್ಚಿ, ಈ ಸಲ ನಮ್ಮ ದಡವನ್ನು ಪ್ರಯತ್ನಿಸುವ ಗೋಜಿಗೂ ಹೋಗದೆ, ಅಭ್ಯಾಸವಾದ ದಾರಿಯೆಂಬಂತೆ ಸೇತುವೆಯ ಕೆಳಗೆ ತೇಲಿಹೋಗಿ ಜಯಮ್ಮನವರ ಮೆಟ್ಟಿಲು ಹತ್ತಿ ಅವರ ಮುಂದೆ ಕುಳಿತು ಮುಖವೆತ್ತಿತು.

ಜಯಮ್ಮನವರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದರು.

ಕಾಳಿ ಅತ್ತ ಬಂದು ನೋಡಿತು, ಇತ್ತ ಬಂದು ನೋಡಿತು. ಕೈ ಕಾಣಲಿಲ್ಲ. ಹಿಂದಕ್ಕೆ ಸುತ್ತಿಬರಲು ನೋಡಿತು, ಜಯಮ್ಮನವರೂ ಸುತ್ತಿದರು. ಆ ಕಿರಿದಾದ ಮೆಟ್ಟಿಲ ಮೇಲೆ ಇಬ್ಬರೂ ಕೋಲಾಟದವರಂತೆ ಒಂದು ಸುತ್ತು ಹಾಕಿದರು. "ನನ್ಗೆ ಕೈಯೇ ಇಲ್ಲ ಕಣವ್ವ," ಎನ್ನುತ್ತಿದ್ದರು ಅವರು. "ಓಗು ಅತ್ಲಾಗೆ. ನಿಮ್ಮ ಮೇಷ್ಟ್ರಿಗಿಲ್ವಾ ಕೈಯಿ, ಅವ್ರಿಗ್ ಕೊಡೋಗು."

ನಾನು ಏರಿಯ ಮೇಲೆ ಮೊಣಕಾಲೂರಿ ಬೊಗಸೆಯೊಡ್ಡಿದೆ. ಕರೆಯಲಿಲ್ಲ. ಕಾಳಿ ನಾಲೆಯ ಆಚೆಯಿಂದ ಆ ಕೈಗಳನ್ನು ಕಂಡಿತು. ಕಂಡು, ನೀರಿಳಿಸುತ್ತ, ಬಾಯಲ್ಲಿ ಕಾಯಿ ಕಚ್ಚಿಕೊಂಡೇ ಮೆಟ್ಟಿಲು ಹತ್ತಿ ಸೇತುವೆಯ ಮೇಲೆ ಬಂತು. ಬೋರೇಗೌಡ ರಾಜಪರಿವಾರ ಹಾದುಹೋಗುವಾಗ ನಿಲ್ಲುವಂತೆ ಗೋಡೆಗೆ ಒತ್ತಿ ನಿಂತು ದಾರಿ ಕೊಟ್ಟ. ಸೇತುವೆಯ ಕೆಳಗೆ ಆಚೆಗೆ ಹೋದ ಕಾಯಿ ಸೇತುವೆಯ ಮೇಲೆ ಈಚೆಗೆ ಬಂದದ್ದು ನಮ್ಮ ನಾಲೆಯಲ್ಲಿ ಅದೇ ಮೊದಲು ಎಂದು ನಂಬಿದ್ದೇನೆ. ಇದಕ್ಕೆ ವಿರುದ್ಧವಾದ ಆಧಾರ ಈವರೆಗೆ ದೊರೆತಿಲ್ಲ. ಕಾಳಿ ನನ್ನ ಮುಂದೆ ಕುಳಿತು ಬಾಯಿ ಸಡಿಲಿಸಿತು. ಕಾಯಿ ಬೊಗಸೆಗೆ ಬಿತ್ತು. ಅದು ತಣ್ಣಗೆ, ಭಾರವಾಗಿ, ಪಾಚಿಯ ವಾಸನೆ ಬೀರುತ್ತಿತ್ತು.

ಸರೋಜ ಹತ್ತಿರ ಬಂದು ಕಾಯನ್ನೂ ನನ್ನ ಕೈಯನ್ನೂ ಪರಿಶೀಲಿಸಿದಳು. ಸೆರಗಿನ ತುದಿಯಲ್ಲಿ ಬೆಲ್ಲವಿತ್ತು. ಅದನ್ನು ಅವಳು ಯಾವಾಗ ಕಟ್ಟಿಕೊಂಡು ಬಂದಿದ್ದಳೋ ನನಗೆ ತಿಳಿಯದು. ಕಾಳಿಗೆ ಕೊಟ್ಟು, "ಕೋಳಿ ಫಾರಂನವರಿಗೆ ಬೇರೆ ನಾಯಿ ನೋಡ್ಕೊಳ್ಳಿ ಅಂತ ಫೋನ್ ಮಾಡ್ರೀ," ಎಂದಳು. ಆಮೇಲೆ ನಾಲೆಯ ಕಡೆ ತಿರುಗಿ, "ಜಯಕ್ಕ, ಆ ಮೂರು ನಿಮ್ಮಲ್ಲೇ ಇರಲಿ," ಎಂದು ಕೂಗಿದಳು.

"ಇರ್ದೆ ಇನ್ನೇನು," ಎಂದು ಉತ್ತರ ಬಂತು. "ಕೇಳ್ಕಳಿ ಸರೋಜವ್ವ, ನಾಯಿ ತಂದುದ್ದು ನಿಮ್ದು. ನೀರು ತಂದುದ್ದು ನಂದು. ಇವತ್ನಿಂದ ಇಂಗೇ."

ಜಯಮ್ಮನವರು ಬೆನ್ನ ಹಿಂದಿನ ಕೈಗಳನ್ನು ಮುಂದಕ್ಕೆ ತಂದು, ಸೆರಗು ಸಿಕ್ಕಿಸಿ, ಗಳುವನ್ನು ಎತ್ತಿಕೊಂಡರು. ನಮ್ಮ ಏರಿಯ ಅಂಚಿನಲ್ಲಿ ಕಾಳಿ ಹಿಂಗಾಲುಗಳನ್ನು ಮಡಿಸಿ ನೆಗೆಯಲು ಅಣಿಯಾಯಿತು. ಇಬ್ಬರ ಕಣ್ಣೂ ಮರದ ಮೇಲೆಯೇ ಇದ್ದವು. ಸಿದ್ದರಾಜು ಮುಂದಿನ ಗೊನೆಗೆ ಕೈ ಹಾಕುತ್ತಿದ್ದಂತೆ ಜಯಮ್ಮನವರು ಸೇತುವೆಯಾಚೆಯಿಂದ ಕೂಗಿದರು:

"ಲೇ ಸಿದ್ರಾಜು, ಎರಡೆರಡ್ ಬುಡ್ಲಾ. ಅದ್ಕಿರೋದು ಒಂದೇ ಬಾಯಿ."